ಎಡಹುಬ್ಬಿನ ಹೂಂ

ತೌಫೊನು, ವವಾವು ದ್ವೀಪ
ಮಾರ್ಚ್ ೧೪, ೧೯೯೪

ಮಗಳೇ ಸಿಲಿಯ,

ನಿಮ್ಮಪ್ಪ ಫೋನು ಮಾಡಿ ಏನು ಹೇಳಿದನೋ ನನಗೆ ಗೊತ್ತಿಲ್ಲ. ಹೇಳಿದ್ದಕ್ಕಿಂತ ಅತ್ತಿದ್ದೇ ಹೆಚ್ಚು ಎಂದು ಅಂಚೆ ಕಚೇರಿಯವಳು ಊರಿಗೆಲ್ಲ ಸಾರಿದ್ದಾಳೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನಿನ್ನ ಅತ್ತೆ ಸತ್ತಿಲ್ಲ. ಸತ್ತಿರುವುದು ಅವಳ ಮುಖದ ಎಡಭಾಗ ಮಾತ್ರ.

ಕಳೆದ ತಿಂಗಳ ಬಿರುಗಾಳಿಗೆ ಚರ್ಚಿನ ಅಡುಗೆಮನೆಯ ತಗಡು ಕಿತ್ತು ಹಾರಿಬಂದು ಎಡಗಿವಿಯ ಕೆಳಗೆ ಕೊಯ್ದುಬಿಟ್ಟಿತು. ನಮ್ಮೂರ ನರ್ಸಮ್ಮ ರಕ್ತ ನಿಲ್ಲಿಸಿ ಹನ್ನೊಂದು ಹೊಲಿಗೆ ಹಾಕಿದಳು. ಜೀವ ಉಳಿಸಿದವಳು ಅವಳೇ. ಗಾಯ ಮಾಗಿತು, ಆದರೆ ಒಳಗೆ ಯಾವುದೋ ನರ ತುಂಡಾಗಿದೆಯಂತೆ. ಎಡಗಣ್ಣು ಮುಚ್ಚುವುದಿಲ್ಲ, ಟೇಪು ಅಂಟಿಸಿಕೊಂಡು ಮಲಗುತ್ತೇನೆ. ಸಾರು ಕುಡಿದರೆ ಅರ್ಧ ನನಗೆ, ಅರ್ಧ ಅಂಗಿಗೆ. ನಿಮ್ಮಪ್ಪ ಪ್ರತಿ ಸಂಜೆ ಬಂದು ಬಾಗಿಲಾಚೆ ನಿಂತು, "ಅಕ್ಕಾ, ಹೇಗಿದ್ದೀಯಕ್ಕಾ?" ಅಂತ ಕೇಳಿ ಮೂಗು ಒರೆಸಿಕೊಳ್ಳುತ್ತಾನೆ. ನಮ್ಮ ಪದ್ಧತಿಯಲ್ಲಿ ಅಕ್ಕನ ಕೋಣೆಗೆ ತಮ್ಮ ಕಾಲಿಡುವ ಹಾಗಿಲ್ಲದಿರುವುದು ದೇವರ ದಯೆ. ಇಲ್ಲದಿದ್ದರೆ ನನ್ನ ಚಾಪೆ ಒಣಗುತ್ತಲೇ ಇರಲಿಲ್ಲ.

ನೋವೇನೂ ಇಲ್ಲ ಕಣೇ. ಕಷ್ಟ ಬೇರೆಯದು. ನಿನಗೆ ಗೊತ್ತು, ನಮ್ಮೂರಲ್ಲಿ ಬಾಯಿಬಿಟ್ಟು 'ಹೂಂ' ಅನ್ನುವವರು ಪಾದ್ರಿ ಒಬ್ಬರೇ. ಉಳಿದವರೆಲ್ಲ ಹುಬ್ಬು ಏರಿಸುತ್ತೇವೆ, ಮಾತು ಮುಗಿಯಿತು. ಮುಖ ಅಲುಗದಿದ್ದರೆ ಇಲ್ಲ ಎಂದು ಅರ್ಥ. ಹೋದ ವಾರ ತೊಗಟೆಬಟ್ಟೆಯ ಪದರಗಳನ್ನು ಅಂಟಿಸಲು ಕೂತೆವು. ಉದ್ದನೆಯ ಹಲಗೆಯ ತಲೆಯ ಕಡೆ ನಾನು, ಎಡಬಲಕ್ಕೆ ಸಾಲಾಗಿ ಹೆಂಗಸರು. "ಅಕ್ಕಾ, ಅಂಚು ಇಷ್ಟು ಸಾಕಾ?" ಅಂದರು. ಸಾಕು ಅಂತ ಹುಬ್ಬು ಏರಿಸಿದೆ. ಬಲಸಾಲಿನವರು ನೋಡಿದರು, ನಿಲ್ಲಿಸಿದರು. ಎಡಸಾಲಿನವರಿಗೆ ಕಂಡದ್ದು ಸತ್ತ ಹುಬ್ಬು. ಅವರು ಇನ್ನೂ ಬೇಕೇನೋ ಅಂತ ಪದರದ ಮೇಲೆ ಪದರ ಅಂಟಿಸುತ್ತಲೇ ಹೋದರು. ಮತ್ತೆ ಕೇಳಿದರು, ನಾನು ಮತ್ತೆ ಏರಿಸಿದೆ, ಅವರು ಮತ್ತೆ ಅಂಟಿಸಿದರು! ಕೊನೆಗೆ ಎತ್ತಿ ಬಿಡಿಸಿದರೆ ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಜೋತುಬಿದ್ದಿದೆ. ನನ್ನ ಮುಖವೇ ಬಟ್ಟೆಯಾಗಿತ್ತು.

ಎಲ್ಲರೂ ನಕ್ಕರು. ನಾನೂ ನಕ್ಕೆ, ಬಲಗಡೆಯಿಂದ. ಆಮೇಲೆ ಮನೆಗೆ ಬಂದು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ.

ನೀನು ನರದ ಡಾಕ್ಟರುಗಳ ಜೊತೆ ಪ್ರಯೋಗಾಲಯದಲ್ಲಿ ಇದ್ದೀಯಲ್ಲ. ಇದಕ್ಕೇನಾದರೂ ಔಷಧ ಇದೆಯಾ, ಕೇಳಿ ಬರಿ.

ನಿನ್ನ ಅತ್ತೆ,
ಲುಸಿಯಾನೆ


ಡುನೆಡಿನ್
ಏಪ್ರಿಲ್ ೨, ೧೯೯೪

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಓದಿ ಅತ್ತುಬಿಟ್ಟೆ, ನಕ್ಕೆ, ಮತ್ತೆ ಅತ್ತೆ. ಅಪ್ಪನ ಮಗಳಲ್ಲವೇ.

ಅತ್ತೆ, ಇದನ್ನು ಕೇಳಿದರೆ ನೀವು ನಂಬುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಮಾಡುತ್ತಿರುವುದು ಸರಿಯಾಗಿ ಇದನ್ನೇ! ಮುಖದ ನರವನ್ನೇ! ಮುಖವನ್ನು ಅಲುಗಿಸುವ ನರ ಒಂದು ಬಳ್ಳಿ ಅಂದುಕೊಳ್ಳಿ. ಅದರ ಗೆಡ್ಡೆ ಇರುವುದು ಮಿದುಳಿನ ಬುಡದಲ್ಲಿ. ಹೆಗ್ಗೆಣಸಿನ ಬಳ್ಳಿಯನ್ನು ಅಕಾಲದಲ್ಲಿ ಯಾರೋ ಕೊಯ್ದರೆ ನೆಲದೊಳಗಿನ ಗೆಡ್ಡೆ ಏನಾಗುತ್ತದೆ? ಎಲೆಯಿಂದ ಸುದ್ದಿ ಬರುವುದು ನಿಂತು, ಇನ್ನು ನಾನ್ಯಾಕೆ ಇರಬೇಕು ಅಂತ ಕೊಳೆಯುತ್ತದೆ. ಇಲ್ಲೂ ಹಾಗೇ. ಮುಖದಿಂದ ಸುದ್ದಿ ಬಾರದೆ ಹೋದರೆ ಒಳಗಿನ ನರಕೋಶಗಳು ಒಂದೊಂದಾಗಿ ಸಾಯತೊಡಗುತ್ತವೆ. ಬಳ್ಳಿ ಮತ್ತೆ ಚಿಗುರಬೇಕಾದರೆ ಮೊದಲು ಗೆಡ್ಡೆ ಬದುಕಿರಬೇಕು.

ಡಾಕ್ಟರ್ ಐಲ್ಸಾ ಮನ್ರೋ ಅಂತ ನಮ್ಮ ಮುಖ್ಯಸ್ಥೆ. ಕೋಶಗಳನ್ನು ಸಾಯದಂತೆ ಸಾಕುವ ಒಂದು ಔಷಧ ಅವರ ಬಳಿ ಇದೆ. ಇಲಿಗಳಿಗೆ ಕೊಟ್ಟಿದ್ದೇವೆ. ಕೊಡದ ಇಲಿಗಳಲ್ಲಿ ಮುಕ್ಕಾಲು ಪಾಲು ಕೋಶ ಸತ್ತರೆ, ಕೊಟ್ಟವುಗಳಲ್ಲಿ ಹೆಚ್ಚಿನವು ಉಳಿದಿವೆ. ಹೋದ ವಾರ ಒಂದು ಇಲಿ ಮೀಸೆ ಅಲುಗಿಸಿತು! ಎಲ್ಲರಿಗಿಂತ ಮೊದಲು ನೋಡಿದವಳು ನಾನೇ. ಕೂಗಿದ ಸದ್ದಿಗೆ ಮೂರು ಜನ ಓಡಿಬಂದರು.

ಧೈರ್ಯವಾಗಿರಿ ಅತ್ತೆ. ನಾವಿದ್ದೇವೆ.

ನಿಮ್ಮ ಸಿಲಿಯ


ತೌಫೊನು
ಏಪ್ರಿಲ್ ೩೦, ೧೯೯೪

ಡಾಕ್ಟರ್ ಸಿಲಿಯ ಅವರಿಗೆ,

ಹೌದು, ಹಾಗೇ ಬರೆದೆ. ನಿನ್ನ ಕಾಗದವನ್ನು ಭಾನುವಾರ ಚರ್ಚಿನಲ್ಲಿ ಪಾದ್ರಿ ಗಟ್ಟಿಯಾಗಿ ಓದಿದರು. ಇಲಿ ಮೀಸೆ ಅಲುಗಿಸಿದ ಜಾಗದಲ್ಲಿ ಹೆಂಗಸರು ಆಮೆನ್ ಅಂದರು. ನಿಮ್ಮಪ್ಪ ಎದ್ದು ನಿಂತು ಹಾಡಲು ಹೋಗಿ ಮತ್ತೆ ಅತ್ತ.

ಹೆಗ್ಗೆಣಸಿನ ಮಾತು ಚೆನ್ನಾಗಿ ಹೇಳಿದೆ. ನನಗೆ ತಟ್ಟನೆ ತಿಳಿಯಿತು. ಕೊಯ್ದ ಬಳ್ಳಿಯ ಗೆಡ್ಡೆಯನ್ನು ನಮ್ಮಜ್ಜಿ ಒಣ ಮಣ್ಣಿನಲ್ಲಿ ಹೂತು, ದಿನಾ ಮುಟ್ಟಿ ನೋಡುತ್ತಿದ್ದಳು. ನಾನೂ ದಿನಾ ಕಿವಿಯ ಹಿಂದೆ ಕೈಯಿಟ್ಟು, "ಇರ್ರೋ, ಸಾಯಬೇಡಿ, ನನ್ನ ಹುಡುಗಿ ಔಷಧ ತರ್ತಾಳೆ" ಅಂತ ಹೇಳುತ್ತೇನೆ. ನಗಬೇಡ.

ಒಂದು ಮಾತು. ನೆರೆಮನೆಯ ಪುಟ್ಟ ಹುಡುಗಿ ನನ್ನ ಎಡಗಡೆ ಬಂದು, "ಅಜ್ಜಿ, ನನ್ನ ಮೇಲೆ ಸಿಟ್ಟಾ?" ಅಂತ ಕೇಳಿತು. ತೆಂಗಿನಕಾಯಿ ರೊಟ್ಟಿ ತಗೊಳ್ಳಲಾ ಅಂತ ಅದು ಕೇಳಿದ್ದಕ್ಕೆ ಹುಬ್ಬು ಏರಿಸಿ ಹೂಂ ಅಂದಿದ್ದೆನಲ್ಲೇ! ಅದು ಕಾಯುತ್ತ ನಿಂತು, ಅತ್ತುಕೊಂಡು ಹೋಗಿತ್ತಂತೆ. ಆವತ್ತು ಸ್ವಲ್ಪ ಬೇಜಾರಾಯಿತು.

ಔಷಧ ಡಬ್ಬಿಯಲ್ಲಿ ಬರುತ್ತದೋ, ಬಾಟಲಿಯಲ್ಲೋ? ಬಾಟಲಿಯಾದರೆ ನಿನ್ನ ಹಳೆಯ ಸ್ವೆಟರಿನಲ್ಲಿ ಸುತ್ತಿ ಕಳಿಸು. ಹಡಗಿನವರು ಎತ್ತಿ ಎಸೆಯುತ್ತಾರೆ.

ಅತ್ತೆ


ಡುನೆಡಿನ್
ಮೇ ೨೦, ೧೯೯೪

ಪ್ರೀತಿಯ ಅತ್ತೆ,

ಇಲ್ಲಿ ಚಳಿ ಶುರುವಾಗಿದೆ. ಬೆಳಿಗ್ಗೆ ಏಳುವಾಗ ಕಿಟಕಿ ಗಾಜಿನ ಒಳಗಡೆಯೂ ನೀರು. ನಾನು ಎರಡು ಜೊತೆ ಕಾಲುಚೀಲ ಹಾಕುತ್ತೇನೆ, ನಿಮಗೂ ಒಂದು ಜೊತೆ ಕಳಿಸಿದ್ದೇನೆ. ನೀವು ಹಾಕುವುದಿಲ್ಲ ಅಂತ ಗೊತ್ತು. ಅಪ್ಪನಿಗೆ ಕೊಡಿ.

ಕಣ್ಣಿಗೆ ಹನಿ ಹಾಕುವುದನ್ನು ಮರೆಯಬೇಡಿ. ಗಾಳಿಯಲ್ಲಿ ಕೂರಬೇಡಿ. ಕಣ್ಣು ಒಣಗಿದರೆ ಕಷ್ಟ. ಈ ಕಾಗದದ ಜೊತೆ ಹನಿಯ ಎರಡು ಸೀಸೆ ಇವೆ, ಸ್ವೆಟರಿನಲ್ಲಿ ಸುತ್ತಿದ್ದೇನೆ.

ಡಾಕ್ಟರ್ ಎಂದು ಬರೆಯಬೇಡಿ ಅತ್ತೆ, ಇಲ್ಲಿ ಅದು ಸರಿಯಲ್ಲ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ. ಕೆಲಸ ಬಹಳ.

ಸಿಲಿಯ


ತೌಫೊನು
ಜೂನ್ ೧೬, ೧೯೯೪

ಮಗಳೇ,

ನಿನ್ನ ಕಾಗದ ಉಪ್ಪಿಲ್ಲದ ಸಾರಿನ ಹಾಗಿತ್ತು. ಕೆಲಸ ಬಹಳ ಅಂದೆಯಲ್ಲ, ಆಗಲಿ, ನನ್ನ ಔಷಧವೇ ತಾನೇ ಆ ಕೆಲಸ. ಕಾಲುಚೀಲ ನಿಮ್ಮಪ್ಪ ಚರ್ಚಿಗೆ ಹಾಕಿಕೊಂಡು ಬಂದ, ಚಪ್ಪಲಿಯ ಮೇಲೆ.

ಸುದ್ದಿ ಹೇಳುವುದನ್ನೇ ಮರೆತೆ. ಹೋದ ತಿಂಗಳು ಸಿಡ್ನಿಯಿಂದ ಶಸ್ತ್ರಚಿಕಿತ್ಸೆಯ ಡಾಕ್ಟರುಗಳ ತಂಡ ನೆಯಾಫು ಪೇಟೆಗೆ ಬಂದಿತ್ತು. ಅವರಲ್ಲೊಬ್ಬ ಉದ್ದನೆಯವನು ನನ್ನ ಮುಖ ಮುಟ್ಟಿ, ಮುಟ್ಟಿ, "ತುಂಡಾದ ನರಕ್ಕೆ ಕಾಲಿನದೊಂದು ನರ ತೆಗೆದು ಸೇರಿಸಿ ಹೊಲಿಯಬಹುದು, ನಿಮಗೆ ಒಪ್ಪಿಗೆಯಾ?" ಅಂದ. ನಾನು ಮುಖ ಅಲುಗಿಸದೆ ಕೂತೆ. ಅವನಿಗೆ ಅರ್ಥವಾಗಲಿಲ್ಲ ಪಾಪ, ಸುಮ್ಮನಿದ್ದಾಳೆ ಅಂದರೆ ಒಪ್ಪಿದ ಹಾಗೆ ಅಂದುಕೊಂಡು ಪಟ್ಟಿಯಲ್ಲಿ ಹೆಸರು ಬರೆದ! ಆಮೇಲೆ ನರ್ಸಮ್ಮ ಬಿಡಿಸಿ ಹೇಳಿದಳು. ನಾನೂ ಹೇಳಿದೆ, "ಬೇಡಪ್ಪ, ನನ್ನ ತಮ್ಮನ ಮಗಳು ಔಷಧ ಮಾಡ್ತಿದ್ದಾಳೆ. ಕಾಲು ಕೊಯ್ದು ಮುಖಕ್ಕೆ ಅಂಟಿಸೋದೆಲ್ಲ ನಿಮ್ಮ ಕಡೆಯವರಿಗೆ ಇರಲಿ." ಅವರೆಲ್ಲ ಸಾಮಾನು ಕಟ್ಟಿಕೊಂಡು ಹೊರಟುಹೋದರು.

ಆದ್ದರಿಂದ ಬೇಗ ಕಳಿಸು. ಸೆಪ್ಟೆಂಬರಿನಲ್ಲಿ ಹೆಂಗಸರ ದೊಡ್ಡ ಕೂಟ ಇದೆ, ತೊಗಟೆಬಟ್ಟೆಯ ಹಲಗೆಯ ತಲೆಯ ಕಡೆ ನಾನೇ ಕೂರಬೇಕು. ಎರಡು ಹುಬ್ಬೂ ಇಟ್ಟುಕೊಂಡು ಕೂರಬೇಕು.

ಅತ್ತೆ


ಡುನೆಡಿನ್
ಜೂನ್ ೨೯, ೧೯೯೪

ಅತ್ತೆ,

ಇದನ್ನು ಚರ್ಚಿನಲ್ಲಿ ಓದಿಸಬೇಡಿ. ಒಬ್ಬರೇ ಓದಿ.

ಔಷಧ ಬರುವುದಿಲ್ಲ. ಅದು ಮನುಷ್ಯರಿಗೆ ಕೊಡುವ ಔಷಧವೇ ಅಲ್ಲ. ಇನ್ನು ಹತ್ತು ವರ್ಷಕ್ಕೆ ಆಗುತ್ತದೋ, ಎಂದೂ ಆಗುವುದಿಲ್ಲವೋ, ಯಾರಿಗೂ ಗೊತ್ತಿಲ್ಲ. ಮೀಸೆ ಅಲುಗಿಸಿದ್ದು ಹುಟ್ಟಿದ ಮರುದಿನವೇ ನರ ಕೊಯ್ದಿದ್ದ ಮರಿ. ನರ ತುಂಡಾದ ಗಳಿಗೆಯಲ್ಲೇ ಅದಕ್ಕೆ ಔಷಧ ಇಟ್ಟಿದ್ದರು. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಬರೆಯಲಿಲ್ಲ.

ಇನ್ನೂ ಇದೆ. ನಾನು ಕಾಲೇಜಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಒಂದೂವರೆ ವರ್ಷವಾಯಿತು. ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಲಿಗಳ ಪಂಜರ ತೊಳೆಯುವುದು, ಹುಲ್ಲು ಬದಲಿಸುವುದು, ನೀರು ಹಾಕುವುದು. ಮೀಸೆ ಅಲುಗಿಸಿದ್ದನ್ನು ಮೊದಲು ನೋಡಿದವಳು ನಾನು, ನಿಜ. ಯಾಕೆಂದರೆ ಅದರ ಹೇಲು ಬಳಿಯುತ್ತಿದ್ದವಳು ನಾನು. ಇಲ್ಲಿಯ ಇಲಿಗಳು ಕೂಡ ನನ್ನನ್ನು ಡಾಕ್ಟರ್ ಅನ್ನುವುದಿಲ್ಲ ಅತ್ತೆ, ನನ್ನ ಕಂಡರೆ ಮೂಲೆಗೆ ಹೋಗಿ ಬೆನ್ನು ತಿರುಗಿಸುತ್ತವೆ.

ನಿಮ್ಮ ಕಾಗದ ಬಂದ ದಿನವೇ ಐಲ್ಸಾ ಹತ್ತಿರ ಹೋಗಿ ಎಲ್ಲ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, "ನರ ತುಂಡಾಗಿ ಎಷ್ಟು ದಿನ ಆಯ್ತು?" ಬೆಳೆದವರ ನರಕೋಶಗಳು ಮರಿಗಳದ್ದಕ್ಕಿಂತ ಗಟ್ಟಿಯಂತೆ, ಸ್ವಲ್ಪ ಕಾಲ ಕಾಯುತ್ತವೆ. ಆದರೆ ಎಷ್ಟು ತಡವಾದರೆ ಅಷ್ಟು ಕೋಶ ಸೊರಗುತ್ತವೆ, ಈ ಕಡೆ ಮುಖದ ಸ್ನಾಯುವೂ ಸೊರಗುತ್ತದೆ. ವರ್ಷ ದಾಟಿದರೆ ಹೊಲಿದೂ ಪ್ರಯೋಜನವಿಲ್ಲ. ನಿಮಗೀಗ ನಾಲ್ಕು ತಿಂಗಳು. ಐಲ್ಸಾ ಆ ಉದ್ದನೆಯ ಡಾಕ್ಟರನ್ನು ಹುಡುಕಿ ಫೋನಿನಲ್ಲಿ ಮಾತಾಡಿದ್ದಾರೆ. ಆಗಸ್ಟ್ ಹದಿನೈದಕ್ಕೆ ಅವರು ರಾಜಧಾನಿ ನುಕುಅಲೋಫದ ಆಸ್ಪತ್ರೆಗೆ ಬರುತ್ತಾರೆ, ನಿಮ್ಮ ಹೆಸರು ಪಟ್ಟಿಯಲ್ಲಿದೆ. ಹಡಗು ಹತ್ತಿ ಹೋಗಿ ಅತ್ತೆ. ಕೈಮುಗಿದು ಕೇಳುತ್ತೇನೆ.

ನನ್ನನ್ನು ಕ್ಷಮಿಸುತ್ತೀರಾ?

ಸಿಲಿಯ


ಡುನೆಡಿನ್
ಆಗಸ್ಟ್ ೫, ೧೯೯೪

ಅತ್ತೆ,

ಐದು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಅಪ್ಪನಿಗೆ ಫೋನು ಮಾಡಿದರೆ, "ಅಕ್ಕ ಏನೂ ಹೇಳಬೇಡ ಅಂದಿದ್ದಾಳೆ" ಅಂತ ಇಟ್ಟುಬಿಟ್ಟರು. ಈ ಸಲ ಅಳಲೂ ಇಲ್ಲ. ಅದಕ್ಕೇ ಹೆದರಿಕೆ.

ಕ್ಷಮಿಸದಿದ್ದರೂ ಸರಿ. ಸಾಯುವತನಕ ನನ್ನ ಮುಖ ನೋಡದಿದ್ದರೂ ಸರಿ. ನನ್ನ ಮೇಲಿನ ಸಿಟ್ಟನ್ನು ನಿಮ್ಮ ಮುಖದ ಮೇಲೆ ತೀರಿಸಿಕೊಳ್ಳಬೇಡಿ. ಹದಿನೈದಕ್ಕೆ ನುಕುಅಲೋಫ. ಹಡಗು ಹನ್ನೆರಡನೇ ತಾರೀಖಿಗೆ ಹೊರಡುತ್ತದೆ.

ಸಿಲಿಯ


ನುಕುಅಲೋಫ
ಸೆಪ್ಟೆಂಬರ್ ೪, ೧೯೯೪

ಸಿಲಿಯ,

ಹಡಗಿನಲ್ಲಿ ಇಪ್ಪತ್ತು ಗಂಟೆ ವಾಂತಿ ಮಾಡಿದೆ. ಅದನ್ನೂ ನಿನ್ನ ಲೆಕ್ಕಕ್ಕೇ ಬರೆದಿದ್ದೇನೆ.

ಶಸ್ತ್ರಚಿಕಿತ್ಸೆ ಆಯಿತು. ಎಡಗಾಲ ಮೀನಖಂಡದಿಂದ ನರ ತೆಗೆದು ಕಿವಿಯ ಕೆಳಗೆ ಹೊಲಿದಿದ್ದಾರೆ. ಕಾಲಿನ ಅಂಚು ಜೋಮು ಹಿಡಿದಿದೆ, ಮುಖ ಮೊದಲಿನ ಹಾಗೇ ಇದೆ. ಉದ್ದನೆಯವನು ಹೇಳುತ್ತಾನೆ, ಹೊಸ ನರ ದಿನಕ್ಕೆ ಅರ್ಧ ಎಳ್ಳಿನಷ್ಟು ಬೆಳೆಯುತ್ತದಂತೆ. ಕೆನ್ನೆಗೆ ತಲುಪಲು ಆರು ತಿಂಗಳು. ಬಾಯಿ ಬರಬಹುದು, ಕಣ್ಣು ಬರಬಹುದು, ಹುಬ್ಬಿನ ಆಸೆ ಇಟ್ಟುಕೊಳ್ಳಬೇಡಿ ಅಂದ. ಎಲ್ಲಕ್ಕಿಂತ ಕೊನೆಗೆ ಬರುವುದು ಹುಬ್ಬು, ಎಷ್ಟೋ ಜನಕ್ಕೆ ಬರುವುದೇ ಇಲ್ಲವಂತೆ.

ಈಗ ಸಿಟ್ಟಿನ ಮಾತು. ಪಂಜರ ತೊಳೆಯುವುದಕ್ಕೆ ನನಗೆ ಸಿಟ್ಟಿಲ್ಲ. ನಮ್ಮಮ್ಮ ಜೀವಮಾನವೆಲ್ಲ ಹಂದಿ ತೊಳೆದಳು, ಅವಳಷ್ಟು ದೊಡ್ಡ ಹೆಂಗಸು ನಮ್ಮ ದ್ವೀಪದಲ್ಲಿ ಹುಟ್ಟಲಿಲ್ಲ. ಪರೀಕ್ಷೆ ಫೇಲಾಗಿದ್ದಕ್ಕೂ ಸಿಟ್ಟಿಲ್ಲ; ನಿಮ್ಮಪ್ಪ ಫೇಲಾಗದ ಪರೀಕ್ಷೆ ಯಾವುದಿದೆ? ನಾನು ನಿಮ್ಮಪ್ಪನ ಅಕ್ಕ ಕಣೇ. ನಿನ್ನ ಮದುವೆಗೆ, ಸಾವಿಗೆ, ಎಲ್ಲಕ್ಕೂ ಹೂಂ ಅನ್ನಬೇಕಾದವಳು ನಾನು. ಅಂಥವಳಿಗೆ ಸುಳ್ಳು ಹೇಳಿದೆ. ದಿನಾ ಕಿವಿಯ ಹಿಂದೆ ಕೈಯಿಟ್ಟು ಆ ಬಡಪಾಯಿ ಕೋಶಗಳಿಗೆ ಔಷಧ ಬರುತ್ತದೆ, ಕಾಯಿರೋ ಅಂತ ಹೇಳಿದ್ದೆನಲ್ಲ, ಅವಕ್ಕೂ ನನ್ನಿಂದ ಸುಳ್ಳು ಹೇಳಿಸಿದೆ.

ಕ್ಷಮಿಸುತ್ತೀರಾ ಅಂತ ಕೇಳಿದ್ದೀಯ. ಇದಕ್ಕೆ ಕಾಗದದಲ್ಲಿ ಉತ್ತರ ಕೊಡುವುದಿಲ್ಲ. ನಮ್ಮಲ್ಲಿ ಅದಕ್ಕೆ ಹುಬ್ಬು ಇದೆ. ಈಗ ಇರುವುದು ಒಂದೇ, ಅರ್ಧ ಹೂಂ ಕೊಡುವ ಹೆಂಗಸು ನಾನಲ್ಲ. ಇನ್ನೊಂದು ಬಂದರೆ ನೋಡೋಣ. ಬರದಿದ್ದರೆ ಇಲ್ಲ.

ಲುಸಿಯಾನೆ


ಡುನೆಡಿನ್
ಸೆಪ್ಟೆಂಬರ್ ೨೩, ೧೯೯೪

ಅತ್ತೆ,

ನೀವು ಹಡಗು ಹತ್ತಿದಿರಿ. ನನಗೆ ಅಷ್ಟು ಸಾಕು. 

ಹುಬ್ಬಿಗಾಗಿ ಕಾಯುತ್ತೇನೆ. ದಿನಕ್ಕೆ ಅರ್ಧ ಎಳ್ಳು.

ಸಿಲಿಯ


ಡುನೆಡಿನ್
ಫೆಬ್ರವರಿ ೧೧, ೧೯೯೫

ಪ್ರೀತಿಯ ಅತ್ತೆ,

ನೀವು ಉತ್ತರ ಬರೆಯದಿದ್ದರೂ ನಾನು ಬರೆಯುತ್ತೇನೆ, ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೆ.

ಬೆಳೆದ ಇಲಿಗಳ ಮೇಲಿನ ಪ್ರಯೋಗ ಮುಗಿಯಿತು. ಕೆಲಸ ಮಾಡಲಿಲ್ಲ. ಔಷಧ ಕೊಟ್ಟವಕ್ಕೂ ಕೊಡದವಕ್ಕೂ ವ್ಯತ್ಯಾಸವೇ ಇಲ್ಲ. ಎರಡು ವರ್ಷದ ದುಡಿಮೆ. ಐಲ್ಸಾ ಸಕ್ಕರೆ ಇಲ್ಲದ ಚಹಾ ಕುಡಿದು, "ಸರಿ, ಇಷ್ಟಾದರೂ ಗೊತ್ತಾಯ್ತಲ್ಲ" ಅಂದರು. ನಾನಾಗಿದ್ದರೆ ಮೀಸೆಯ ಕಥೆ ಹೇಳಿ ಮುಚ್ಚಿಬಿಡುತ್ತಿದ್ದೆ. ಅವರು ಕೆಲಸ ಮಾಡಲಿಲ್ಲ ಎಂದೇ ಬರೆದು ಎಲ್ಲರಿಗೂ ಕಳಿಸಿದರು.

ಪಂಜರದ ಕೆಲಸ ಮುಗಿದ ಮೇಲೆ ಸಂಜೆ ಒಂದು ಗಂಟೆ ನನಗೆ ಸೂಕ್ಷ್ಮದರ್ಶಕ ನೋಡಲು ಕಲಿಸುತ್ತಿದ್ದಾರೆ. ಬದುಕಿರುವ ನರಕೋಶ ದುಂಡಗೆ, ನೇರಳೆ ಬಣ್ಣಕ್ಕಿರುತ್ತದೆ. ಸಾಯುವಂಥದ್ದು ಮಾಸಿ ಸುಕ್ಕಾಗಿರುತ್ತದೆ. ಈ ಎರಡರ ನಡುವೆ ಕೆಲವಿವೆ ಅತ್ತೆ, ಮಾಸಿರುತ್ತವೆ, ಸತ್ತಿರುವುದಿಲ್ಲ, ಸುಮ್ಮನೆ ಕಾಯುತ್ತಿರುತ್ತವೆ. ಅವನ್ನು ಕಂಡಾಗೆಲ್ಲ ನನಗೆ ನಿಮ್ಮ ನೆನಪು ಬರುತ್ತದೆ.

ಕೆನ್ನೆ ಏನಾದರೂ ಅಲುಗಿತೇ? ಒಂದೇ ಸಾಲು ಬರೆಯಿರಿ.

ಸಿಲಿಯ


ತೌಫೊನು
ಮಾರ್ಚ್ ೬, ೧೯೯೫

ಸಿಲಿಯ,

ಬಾಯಿಯ ತುದಿ ಅಲುಗಿತು. ಸಾರು ಅಂಗಿಗೆ ಬೀಳುತ್ತಿಲ್ಲ. ಹುಬ್ಬು ಇಲ್ಲ.

ಇದು ಒಂದೇ ಸಾಲಿಗಿಂತ ಜಾಸ್ತಿಯಾಯಿತು.

ಲುಸಿಯಾನೆ


ತೌಫೊನು
ಜುಲೈ ೧೦, ೧೯೯೫

ಮಗಳೇ ಸಿಲಿಯ,

ಕೂತುಕೊಂಡು ಓದು.

ನಿನ್ನೆಯವರೆಗೆ ಎಡಹುಬ್ಬು ಕದಲಿರಲಿಲ್ಲ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಏರು, ಏರು ಅಂತ ಗೋಗರೆದರೂ ಬಲದ್ದೇ ಮೇಲೆ ಹೋಗುತ್ತಿತ್ತು, ಎಡದ್ದು ಹಟಮಾರಿ ಕತ್ತೆಯ ಹಾಗೆ ಬಿದ್ದಿರುತ್ತಿತ್ತು. ಉದ್ದನೆಯ ಡಾಕ್ಟರು ಹೋದ ತಿಂಗಳು ಬಂದು ನೋಡಿ, ಕೆನ್ನೆ ಕಣ್ಣು ಚೆನ್ನಾಗಿವೆ, ಹುಬ್ಬನ್ನು ಬಿಟ್ಟುಬಿಡಿ ಅಂದ. ರಾತ್ರಿ ಊಟ ಸೇರಲಿಲ್ಲ ನನಗೆ. ಕೊಬ್ಬಿಗೆ ಆಡಿದ ಮಾತು ನನ್ನನ್ನೇ ಕಟ್ಟಿಹಾಕಿತ್ತು. ಎರಡು ಹುಬ್ಬು ಬಂದರೆ ಮಾತ್ರ ಅಂದಿದ್ದೆನಲ್ಲ. ಒಂದು ಬರದೇ ಹೋದರೆ ನನ್ನ ತಮ್ಮನ ಮಗಳನ್ನು ಸಾಯುವತನಕ ಹೊರಗೆ ನಿಲ್ಲಿಸಬೇಕಲ್ಲ, ದೇವರೇ!

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಒಂದು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಆ ಡಾಕ್ಟರಿಗೆ ಮೊದಲು ಬೇಡ ಅಂದದ್ದು ನಿನ್ನ ಔಷಧದಿಂದ ಮಾತ್ರ ಅಲ್ಲ. ಚಾಕು ಅಂದರೆ ನನಗೆ ಪ್ರಾಣಭಯ. ನಿನ್ನ ಕಾಗದ ಇರದಿದ್ದರೂ ಆವತ್ತು ಬೇಡ ಅನ್ನುತ್ತಿದ್ದೆ, ಬೇರೆ ನೆಪ ಹುಡುಕುತ್ತಿದ್ದೆ. ಊರಿಗೆಲ್ಲ ಗುಮ್ಮನಂತಿದ್ದ ಲುಸಿಯಾನೆ ಹೆದರಿದಳು ಅನ್ನುವುದಕ್ಕಿಂತ, ಸಿಲಿಯ ಸುಳ್ಳು ಹೇಳಿದಳು ಅನ್ನುವುದು ಸುಲಭವಾಯಿತು. ನಿನ್ನ ತಪ್ಪು ನಿನಗೆ, ನನ್ನದನ್ನೂ ನಿನ್ನ ತಲೆಗೆ ಕಟ್ಟಿದೆ.

ನಿನ್ನೆ ಹಲಗೆಗೆ ಕೂತಿದ್ದೆವು. ಹೆಂಗಸರು ಬಟ್ಟೆಗೆ ಬಣ್ಣ ಹಚ್ಚುತ್ತಿದ್ದಾಗ ನಿನ್ನ ಹಳೆಯ ಕಾಗದಗಳನ್ನು ತೆಗೆದೆ. ಹೋದ ವರ್ಷ ಜೂನಿನದು ಬಂತು ಕೈಗೆ. ಅದನ್ನು ಮೊದಲು ಓದಿದಾಗ ಕಣ್ಣಿಗೆ ಕತ್ತಲು ಕವಿದಿತ್ತು, ನಿನ್ನ ತಪ್ಪೊಪ್ಪಿಗೆ ಬಿಟ್ಟರೆ ಅದರಲ್ಲಿ ಮತ್ತೇನಿತ್ತೆಂದೇ ನೆನಪಿರಲಿಲ್ಲ. ಓದುತ್ತ ಹೋದೆ. 'ಇಲ್ಲಿಯ ಇಲಿಗಳು ಕೂಡ ನನ್ನನ್ನು ಡಾಕ್ಟರ್ ಅನ್ನುವುದಿಲ್ಲ, ನನ್ನ ಕಂಡರೆ ಬೆನ್ನು ತಿರುಗಿಸುತ್ತವೆ' ಅಂತ ಬರೆದಿದ್ದೀಯ. ಅಯ್ಯೋ ನನ್ನ ಹುಡುಗಿ! ಚಿಕ್ಕವಳಿದ್ದಾಗ ತಪ್ಪು ಒಪ್ಪಿಕೊಳ್ಳಲು ಬಂದು ನಿಂತಾಗಲೂ ನೀನು ಹೀಗೇ ಮಾತಾಡುತ್ತಿದ್ದೆ, ಹೊಡೆಯಲು ಎತ್ತಿದ ಕೈ ನಗುತ್ತ ಕೆಳಗಿಳಿಯುತ್ತಿತ್ತು. ನಗು ಬಂತು ನೋಡು. ತಡೆದೆ, ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಎಡಸಾಲಿನ ಹೆಂಗಸರು ಥಟ್ಟನೆ ಕೈ ನಿಲ್ಲಿಸಿದರು. ಬಣ್ಣದ ಬಟ್ಟಲು ಮುಚ್ಚಿದರು. "ಆಯ್ತಂತೆ, ಏಳ್ರೇ" ಅಂತ ಒಬ್ಬಳು ಎದ್ದೇ ಬಿಟ್ಟಳು.

"ಯಾರೇ ಹೇಳಿದ್ದು ಆಯ್ತು ಅಂತ?" ಅಂದೆ.

"ನೀವೇ ಹೂಂ ಅಂದ್ರಲ್ಲಕ್ಕಾ!"

"ನಾನೆಲ್ಲೇ ಅಂದೆ? ನಕ್ಕೆ ಅಷ್ಟೇ."

"ನಕ್ಕಿದ್ದು ನಮಗೆ ಗೊತ್ತಿಲ್ಲಪ್ಪ. ಹುಬ್ಬು ಏರಿತು, ನಾವು ಕಣ್ಣಾರೆ ನೋಡಿದ್ವಿ."

ಕನ್ನಡಿ ತರಿಸಿದೆ. ಸುಮ್ಮನೆ ಏರಿಸಲು ಹೋದರೆ ಎಡಹುಬ್ಬು ಕದಲುವುದಿಲ್ಲ. ನಕ್ಕರೆ ಏರುತ್ತದೆ! ನರ್ಸಮ್ಮ ಹೇಳುತ್ತಾಳೆ, ಹೊಸ ನರ ಬೆಳೆಯುವಾಗ ಕೆಲವು ಎಳೆ ದಾರಿ ತಪ್ಪುತ್ತವಂತೆ. ಬಾಯಿಗೆ ಹೋಗಬೇಕಾದ್ದು ಹುಬ್ಬಿಗೆ ಹೋಗಿ ಸೇರಿಕೊಂಡಿದೆ. ಇನ್ನು ಸರಿಹೋಗುವುದಿಲ್ಲವಂತೆ. ಇನ್ನು ಮೇಲೆ ನಾನು ನಕ್ಕಾಗೆಲ್ಲ ಎಡಸಾಲಿನವರಿಗೆ ಹೂಂ ಅಂದ ಹಾಗೆ. ನೆರೆಮನೆಯ ಹುಡುಗಿ ಆಗಲೇ ತಿಳಿದುಕೊಂಡಿದೆ. ಬೆಳಿಗ್ಗೆ ಎಡಗಡೆ ಬಂದು ನಿಂತು, ಕಚಗುಳಿ ಇಟ್ಟು, ಎರಡು ರೊಟ್ಟಿ ತೆಗೆದುಕೊಂಡು ಹೋಯಿತು.

ನಿಮ್ಮಪ್ಪನಿಗೆ ಸುದ್ದಿ ಮುಟ್ಟಿ ಬಾಗಿಲಾಚೆ ನಿಂತು ಅಳುತ್ತಿದ್ದಾನೆ. ಬಿಡು, ಅವನ ನರ ಯಾವತ್ತೂ ತುಂಡಾಗಿಲ್ಲ.

ಹೆಂಗಸರು ಬಟ್ಟೆ ಮಡಿಚಿ ಎದ್ದು ಹೋದ ಮೇಲೆ ನಾನು ಒಬ್ಬಳೇ ಕೂತು ನಿನ್ನ ಆ ಕಾಗದದ ಕೊನೆಯ ಸಾಲಿನ ಪ್ರಶ್ನೆ ಓದಿದೆ. ಎಡಸಾಲಿನವರು ನಾನು ಬಟ್ಟೆಗೆ ಹೂಂ ಅಂದೆ ಅಂದುಕೊಂಡಿದ್ದಾರೆ. ನಾನು ಯಾವುದಕ್ಕೆ ಅಂದೆ ಅಂತ ನಿನಗೆ ಗೊತ್ತು.

ನಿನ್ನ ಅತ್ತೆ,
ಲುಸಿಯಾನೆ